ಹಾನ್ ಮತ್ತು ರೋಮನ್ ಚಕ್ರವರ್ತಿಗಳ ಸೈನ್ಯಬಲ: ಯಾವುದರಿಂದ ಅಳೆಯಬೇಕು?

ತುಂಗಾತೀರ:

ಪ್ರಾಚೀನ ಚೀನಾದ ಮತ್ತು ರೋಮ್‌ನ ಅರಸರ ಸೈನ್ಯಬಲವನ್ನು ಹೋಲಿಸುವ ಮಾತು ಬಂದಾಗಲೆಲ್ಲ ‘ಇಬ್ಬರೂ ಎದುರುಬದುರಾಗಿದ್ದರೆ ಗೆಲ್ಲುತ್ತಿದ್ದವರು ಯಾರು’ ಎಂಬ ಪ್ರಶ್ನೆಯಲ್ಲೇ ಚರ್ಚೆ ಸಿಕ್ಕಿಬೀಳುತ್ತದೆ. ನಡೆಯದೇ ಹೋದ ಯುದ್ಧದ ಬಗ್ಗೆ ಎಷ್ಟು ವಾದಿಸಿದರೂ ತೀರ್ಪು ಸಿಗುವುದಿಲ್ಲ. ಆದ್ದರಿಂದ ಇಲ್ಲಿ ನಡೆದ ಯುದ್ಧಗಳನ್ನು ಮತ್ತು ಉಳಿದುಬಂದ ದಾಖಲೆಗಳನ್ನು ಮುಂದಿಟ್ಟುಕೊಂಡು ಮಾತನಾಡೋಣ ಎಂಬುದು ನನ್ನ ಕೋರಿಕೆ.

ಕಾಲದ ಮಿತಿಯನ್ನೂ ಹಾಕಿಕೊಳ್ಳುವುದು ಒಳ್ಳೆಯದು. ಚೀನಾದ ಕಡೆ, ಕ್ರಿ.ಪೂ. 221ರಲ್ಲಿ ದೇಶವನ್ನು ಒಗ್ಗೂಡಿಸಿದ ಚಿನ್ ಷಿ ಹುವಾಂಗ್‌ನಿಂದ ಮೊದಲುಗೊಂಡು ಕ್ರಿ.ಶ. 220ರಲ್ಲಿ ಹಾನ್ ವಂಶ ಕೊನೆಗೊಳ್ಳುವವರೆಗೆ. ರೋಮ್‌ನ ಕಡೆ, ಜೂಲಿಯಸ್ ಸೀಸರನ ಕಾಲದಿಂದ ಕ್ರಿ.ಶ. 211ರಲ್ಲಿ ತೀರಿಕೊಂಡ ಸೆಪ್ಟಿಮಿಯಸ್ ಸೆವೆರಸ್‌ನವರೆಗೆ. ಈ ಅವಧಿಯಲ್ಲಿ ಎರಡೂ ಸಾಮ್ರಾಜ್ಯಗಳ ಜನಸಂಖ್ಯೆಯಲ್ಲಿ ಭಾರಿ ಅಂತರವಿರಲಿಲ್ಲ. ಕ್ರಿ.ಶ. 2ರ ಹಾನ್ ಜನಗಣತಿಯಲ್ಲಿ ಸುಮಾರು 5 ಕೋಟಿ 95 ಲಕ್ಷ ಜನರ ಲೆಕ್ಕವಿದೆ. ರೋಮ್‌ನ ಮೊದಲ ಚಕ್ರವರ್ತಿ ಆಗಸ್ಟಸನ ಸಾಮ್ರಾಜ್ಯಕ್ಕೆ ಇತಿಹಾಸಕಾರರು ಕೊಡುವ ಅಂದಾಜು ಹೆಚ್ಚಾಗಿ ನಾಲ್ಕೂವರೆಯಿಂದ ಆರು ಕೋಟಿಯ ನಡುವೆ ಇರುತ್ತದೆ. ಇಷ್ಟು ಜನರ ದುಡಿಮೆಯ ಮೇಲೆ ಇವರು ಎಂತಹ ಸೇನೆಯನ್ನು ಕಟ್ಟಿದರು, ಅದನ್ನು ಹೇಗೆ ಸಾಕಿದರು, ಅದು ಯಾರ ಮಾತು ಕೇಳುತ್ತಿತ್ತು ಎಂಬುದನ್ನು ಓದಿಕೊಂಡವರು ತಿಳಿಸಬೇಕು.

ಬಯಲುಸೀಮೆ:

ನಾನು ರೋಮ್‌ನ ಪರವಾಗಿ ಮಾತನಾಡುತ್ತೇನೆ. ಕ್ರಿ.ಪೂ. 31ರ ಆಕ್ಟಿಯಮ್ ಕದನದಲ್ಲಿ ಗೆದ್ದ ಮೇಲೆ ಆಗಸ್ಟಸ್ ಅಂತರ್ಯುದ್ಧದ ಕಾಲದ ಲೆಕ್ಕವಿಲ್ಲದಷ್ಟು ಪಡೆಗಳನ್ನು ವಿಸರ್ಜಿಸಿ, ಕೊನೆಗೆ 28 ಲೀಜನ್‌ಗಳನ್ನು ಖಾಯಂ ಸೇನೆಯಾಗಿ ಉಳಿಸಿಕೊಂಡ. ಒಂದು ಲೀಜನ್ ಎಂದರೆ ಸುಮಾರು ಐದು ಸಾವಿರ ಕಾಲಾಳುಗಳು, ಜೊತೆಗೆ 120 ಸವಾರರು. ಪೌರತ್ವವಿಲ್ಲದ ಪ್ರಾಂತ್ಯಗಳಿಂದ ಬಂದ ಸಹಾಯಕ ಪಡೆಗಳ ಸಂಖ್ಯೆಯೂ ಹೆಚ್ಚುಕಡಿಮೆ ಅಷ್ಟೇ ಇತ್ತು. ಎಲ್ಲ ಸೇರಿ ಎರಡೂವರೆಯಿಂದ ಮೂರು ಲಕ್ಷ ಮಂದಿ ವರ್ಷವಿಡೀ ಆಯುಧ ಹಿಡಿದವರು. ಇವರಿಗೆ ಬೇರೆ ಕಸುಬಿರಲಿಲ್ಲ. ಮೊದಲು 16 ವರ್ಷ, ಅನಂತರ 20 ವರ್ಷ ಸೇವೆ. ವರ್ಷಕ್ಕೆ 225 ಡಿನೇರಿಯಸ್ ಸಂಬಳ. ಸೇವೆ ಮುಗಿದಾಗ 3,000 ಡಿನೇರಿಯಸ್ ಇಡುಗಂಟು. ಈ ಇಡುಗಂಟಿಗೆಂದೇ ಕ್ರಿ.ಶ. 6ರಲ್ಲಿ ಆಗಸ್ಟಸ್ ತನ್ನ ಸ್ವಂತ ಹಣದಿಂದ 17 ಕೋಟಿ ಸೆಸ್ಟರ್ಸ್ (ನಾಲ್ಕು ಸೆಸ್ಟರ್ಸ್ ಸೇರಿದರೆ ಒಂದು ಡಿನೇರಿಯಸ್) ಹಾಕಿ ಪ್ರತ್ಯೇಕ ಸೇನಾ ಖಜಾನೆಯನ್ನು ತೆರೆದ, ಪಿತ್ರಾರ್ಜಿತ ಆಸ್ತಿಯ ಮೇಲೆ ಶೇ. 5ರ ತೆರಿಗೆ ವಿಧಿಸಿ ಅದನ್ನು ತುಂಬಿಸುತ್ತಾ ಹೋದ. ಸೈನಿಕನ ನಿವೃತ್ತಿಯ ಹಣಕ್ಕೂ ಖಾಯಂ ತೆರಿಗೆಯನ್ನು ಗೊತ್ತುಮಾಡಿದ ಅರಸನ ಸೇನೆ ಎಷ್ಟು ಗಟ್ಟಿಯಾಗಿತ್ತು ಎಂಬುದನ್ನು ಬೇರೆ ಹೇಳಬೇಕಿಲ್ಲ. (ಅಂದಹಾಗೆ, ಆ ಸಂಬಳದ ನಾಣ್ಯವಾದ ಬೆಳ್ಳಿಯ ಡಿನೇರಿಯಸ್ ನಮ್ಮ ಚಿತ್ರದುರ್ಗದ ಚಂದ್ರವಳ್ಳಿಯ ಉತ್ಖನನದಲ್ಲೂ ಸಿಕ್ಕಿದೆ. ಅದು ವ್ಯಾಪಾರದಿಂದ ಬಂದದ್ದು. ಆದರೂ ಅಷ್ಟು ದೂರ ಚಲಾವಣೆಯಾಗುವ ಬೆಳ್ಳಿಯಲ್ಲಿ ಸೇನೆಗೆ ಸಂಬಳ ಕೊಡುತ್ತಿದ್ದರು ಎಂಬುದು ಗಮನಿಸಬೇಕಾದ ಸಂಗತಿ.)

ಎರಡನೆಯದಾಗಿ, ರೋಮನ್ ಸೈನಿಕ ಕತ್ತಿಗಿಂತ ಗುದ್ದಲಿಯನ್ನೇ ಹೆಚ್ಚು ಹಿಡಿದವನು. ಶತ್ರುದೇಶದಲ್ಲಿ ಸಾಗುವಾಗ ಪ್ರತಿ ಸಂಜೆ ಕಂದಕ ತೋಡಿ, ಗೋಡೆ ಎತ್ತಿ, ಬೇಲಿ ಹಾಕಿದ ಬಿಡಾರದೊಳಗೇ ಅವನು ಮಲಗುತ್ತಿದ್ದ. ಕ್ರಿ.ಪೂ. 55ರಲ್ಲಿ ಸೀಸರನ ಪಡೆ ರೈನ್ ನದಿಗೆ ಹತ್ತೇ ದಿನಗಳಲ್ಲಿ ಸೇತುವೆ ಕಟ್ಟಿತು. ಮೂರು ವರ್ಷಗಳ ನಂತರ ಗಾಲ್ ದೇಶದ (ಇಂದಿನ ಫ್ರಾನ್ಸ್) ಅಲೀಸಿಯಾದಲ್ಲಿ ಬೆಟ್ಟದ ಮೇಲಿನ ಕೋಟೆಯನ್ನು ಸುತ್ತುವರಿದು ಒಂದು ಸಾಲು, ಅವರ ನೆರವಿಗೆ ಬರುವವರನ್ನು ತಡೆಯಲು ಹೊರಮುಖವಾಗಿ ಇನ್ನೊಂದು ಸಾಲು, ಹೀಗೆ ಒಟ್ಟು 35 ಕಿಲೋಮೀಟರ್‌ಗೂ ಮೀರಿದ ಕೋಟೆಸಾಲುಗಳನ್ನು ಎಬ್ಬಿಸಿ ನಡುವೆ ನಿಂತು ಎರಡೂ ಕಡೆ ಕಾದಿತು. ಇಂದಿನ ಇಸ್ರೇಲಿನಲ್ಲಿರುವ ಮಸಾಡಾದ ಬಂಡೆಗೋಟೆಯನ್ನು ಹಿಡಿಯಲು ಅವರು ಹಾಕಿದ ಮಣ್ಣಿನ ಇಳಿಜಾರು ಇವತ್ತಿಗೂ ಅಲ್ಲೇ ಇದೆ.

ಶಾಸನಪ್ರಿಯ:

ಬಯಲುಸೀಮೆ ಅವರು ಹೇಳಿದ್ದರಲ್ಲಿ ಅಲ್ಲಗಳೆಯುವಂಥದ್ದು ಏನೂ ಇಲ್ಲ. ಆದರೆ ರೋಮ್‌ಗೆ ಆ ಕಾಲಾಳು ಪಡೆ ಸಾಕಾಗಿತ್ತು ಎಂಬುದರ ಅರ್ಥ, ಅದರ ಬಹುಪಾಲು ಶತ್ರುಗಳು ಊರು, ಹೊಲ, ಕೋಟೆಗಳಿದ್ದ ನೆಲೆನಿಂತ ಜನರಾಗಿದ್ದರು ಎಂದೇ ಅಲ್ಲವೇ? ಹಾನ್ ಅರಸರ ಮುಖ್ಯ ಶತ್ರುವಾದ, ಉತ್ತರದ ಹುಲ್ಲುಗಾವಲಿನ ಅಲೆಮಾರಿ ಷಿಯೊಂಗ್ನುಗಳಿಗೆ ಹಿಡಿಯಲು ಊರಿರಲಿಲ್ಲ, ಸುಡಲು ಹೊಲವಿರಲಿಲ್ಲ. ಹಾನ್ ವಂಶದ ಸ್ಥಾಪಕ ಲಿಯು ಬಾಂಗ್ ಕ್ರಿ.ಪೂ. 200ರಲ್ಲಿ ಬೈದೆಂಗ್ ಎಂಬಲ್ಲಿ ಏಳು ದಿನ ಅವರ ಮುತ್ತಿಗೆಯಲ್ಲಿ ಸಿಕ್ಕಿಬಿದ್ದು, ಹೇಗೋ ಪಾರಾಗಿ, ಆಮೇಲೆ ರಾಜಕುಮಾರಿಯನ್ನು ಕೊಟ್ಟು, ವರ್ಷ ವರ್ಷವೂ ರೇಷ್ಮೆ ಮತ್ತು ಧಾನ್ಯಗಳನ್ನು ಕಳುಹಿಸಿ ಸಂಧಿ ಮಾಡಿಕೊಳ್ಳಬೇಕಾಯಿತು.

ಇಂತಹ ಹೋಲಿಕೆಯನ್ನು ಹೇಗೆ ಮಾಡಬೇಕೆಂಬುದಕ್ಕೆ ಆ ಕಾಲದ್ದೇ ಒಂದು ಮಾದರಿಯಿದೆ. ಚಾವ್ ತ್ಸೊ ಎಂಬ ಅಧಿಕಾರಿ ಕ್ರಿ.ಪೂ. 169ರಲ್ಲಿ ವೆನ್ ಚಕ್ರವರ್ತಿಗೆ ಸಲ್ಲಿಸಿದ ಬಿನ್ನವತ್ತಳೆಯಲ್ಲಿ ಷಿಯೊಂಗ್ನುಗಳಿಗೆ ಮೂರು ಮೇಲುಗೈಗಳಿವೆ, ನಮಗೆ ಐದು ಎಂದು ವಿವರಿಸುತ್ತಾನೆ. ಬೆಟ್ಟ ಹತ್ತಿಳಿಯುವ, ಹಳ್ಳ ದಾಟುವ ಕುದುರೆಗಳು ಅವರವು. ಇಕ್ಕಟ್ಟಾದ ದಾರಿಯಲ್ಲಿ ಓಡುತ್ತಲೇ ಬಾಣ ಬಿಡುವ ಚಳಕ ಅವರದು. ಗಾಳಿ, ಮಳೆ, ಹಸಿವು, ಬಾಯಾರಿಕೆಗಳನ್ನು ತಾಳುವ ಮೈ ಅವರದು. ಬಯಲಿನಲ್ಲಿ ರಥ ಮತ್ತು ಅಶ್ವಪಡೆ ನುಗ್ಗಿದಾಗ, ಬಲವಾದ ಅಡ್ಡಬಿಲ್ಲುಗಳು ದೂರಕ್ಕೆ ಹೊಡೆದಾಗ, ಕವಚ ತೊಟ್ಟ ದಳಗಳು ಒಟ್ಟಾಗಿ ಮುಂದೊತ್ತಿದಾಗ, ನುರಿತ ಬಿಲ್ಲುಗಾರರು ಒಂದೇ ಗುರಿಗೆ ಬಾಣಗಳ ಮಳೆ ಸುರಿಸಿದಾಗ, ಕುದುರೆಯಿಂದಿಳಿದು ಕೈಕೈ ಮಿಲಾಯಿಸುವ ಹೊತ್ತು ಬಂದಾಗ ಗೆಲುವು ನಮ್ಮದು ಎಂಬುದು ಅವನ ವಾದ. ಶತ್ರು ಯಾರು, ನೆಲ ಯಾವುದು ಎಂಬುದನ್ನು ಬಿಟ್ಟು ಬಲವನ್ನು ಹೇಳಲಾಗದು ಎಂದು ಅವನು ಅಂದೇ ಅರಿತಿದ್ದ.

ಆ ಅಡ್ಡಬಿಲ್ಲಿನ ಬಗ್ಗೆ ಒಂದೆರಡು ಮಾತು. ಅದರ ಕುದುರೆಯನ್ನು, ಅಂದರೆ ಎಳೆದ ಹೆದೆಯನ್ನು ಹಿಡಿದು ಬಿಡುವ ಭಾಗವನ್ನು, ಕಂಚಿನಲ್ಲಿ ಎರಕ ಹೊಯ್ದು ಜೋಡಿಸುತ್ತಿದ್ದರು. ಗಡಿಯ ಕಾವಲು ಪಡೆಗಳಲ್ಲಿ ಸಾಮಾನ್ಯವಾಗಿದ್ದ ಅಡ್ಡಬಿಲ್ಲು ಆರು ‘ಷಿ’ ಎಳೆತದ್ದು. ಒಂದು ಷಿ ಸುಮಾರು 30 ಕೆ.ಜಿ. ಎಂದರೆ ಲೆಕ್ಕ ನೀವೇ ಹಾಕಿಕೊಳ್ಳಿ. ಇನ್ನು ಸಂಗ್ರಹದ ಪ್ರಮಾಣ: 1993ರಲ್ಲಿ ಜಿಯಾಂಗ್ಸು ಪ್ರಾಂತ್ಯದ ಯಿನ್ವಾನ್‌ನಲ್ಲಿ ಒಬ್ಬ ಅಧಿಕಾರಿಯ ಸಮಾಧಿಯೊಳಗೆ ಕ್ರಿ.ಪೂ. 13ರ ಶಸ್ತ್ರಾಗಾರದ ಪಟ್ಟಿ ದೊರಕಿತು. ಆ ಒಂದೇ ಶಸ್ತ್ರಾಗಾರದಲ್ಲಿ 5 ಲಕ್ಷ 37 ಸಾವಿರ ಅಡ್ಡಬಿಲ್ಲುಗಳು, ಒಂದು ಕೋಟಿಗೂ ಹೆಚ್ಚು ಬಾಣಗಳು, ಎಲ್ಲ ಬಗೆಯ ವಸ್ತುಗಳೂ ಸೇರಿ ಎರಡು ಕೋಟಿ 30 ಲಕ್ಷಕ್ಕೂ ಮೇಲ್ಪಟ್ಟ ಸಾಮಗ್ರಿಗಳಿದ್ದವು. ರೋಮ್‌ನಿಂದ ಇಂತಹ ಒಂದು ಪಟ್ಟಿಯೂ ನಮಗೆ ಉಳಿದಿಲ್ಲ.

ಬಯಲುಸೀಮೆ:

ಶಾಸನಪ್ರಿಯ ಅವರೇ, ಐದು ಲಕ್ಷ ಬಿಲ್ಲುಗಳಿದ್ದರೆ ಐದು ಲಕ್ಷ ಬಿಲ್ಲುಗಾರರಿದ್ದರು ಎಂದಾಗುವುದಿಲ್ಲ. ಆ ಜಿಲ್ಲೆಯ ಒಟ್ಟು ಜನಸಂಖ್ಯೆಯೇ ಹದಿನಾಲ್ಕು ಲಕ್ಷದ ಆಸುಪಾಸಿನಲ್ಲಿತ್ತು. ಚೀನೀ ಗ್ರಂಥಗಳ ಸಂಖ್ಯೆಗಳ ಬಗ್ಗೆ ನನಗೆ ಮೊದಲಿನಿಂದಲೂ ಅನುಮಾನವಿದೆ. ಕ್ರಿ.ಪೂ. 260ರ ಚಾಂಗ್‌ಪಿಂಗ್ ಯುದ್ಧದಲ್ಲಿ ಶರಣಾದ ನಾಲ್ಕು ಲಕ್ಷ ಸೈನಿಕರನ್ನು ಹೂತುಹಾಕಿದರು ಎಂಬ ಮಾತನ್ನು ಹಾಗೆಯೇ ನಂಬುವುದು ಹೇಗೆ? ಇದೇ ರೀತಿ, ಚಿನ್ ಷಿ ಹುವಾಂಗ್‌ನ ಮಣ್ಣಿನ ಸೈನಿಕರ ಜೊತೆ ಸಿಕ್ಕ ಕತ್ತಿಗಳಿಗೆ ಕ್ರೋಮಿಯಂ ಲೇಪನವಿತ್ತು, ಆದ್ದರಿಂದಲೇ ಅವು ತುಕ್ಕು ಹಿಡಿಯಲಿಲ್ಲ ಎಂದು ಇಂದಿಗೂ ಹಲವರು ಬರೆಯುತ್ತಾರೆ. ಆ ಕ್ರೋಮಿಯಂ ಪಕ್ಕದ ಮರದ ಭಾಗಗಳಿಗೆ ಬಳಿದ ಅರಗಿನಿಂದ ಬಂದದ್ದೆಂದು 2019ರ ಅಧ್ಯಯನವೊಂದು ತೋರಿಸಿಕೊಟ್ಟಿದೆ.

ಶಾಸನಪ್ರಿಯ:

ಚಾಂಗ್‌ಪಿಂಗ್‌ನ ಸಂಖ್ಯೆಯನ್ನು ನಾನೂ ನಂಬುವುದಿಲ್ಲ. ಅದು ಯುದ್ಧವಾಗಿ ಒಂದೂವರೆ ಶತಮಾನದ ನಂತರ ಹಾನ್ ಕಾಲದ ಇತಿಹಾಸಕಾರ ಸೀಮಾ ಚಿಯನ್ ಬರೆದದ್ದು. ಶಸ್ತ್ರಾಗಾರದ ಪಟ್ಟಿಯ ವಿಚಾರ ಬೇರೆ. ಅದು ಕಥನವಲ್ಲ, ಉಗ್ರಾಣದ ಲೆಕ್ಕ. ಅಷ್ಟೊಂದು ಸಾಮಗ್ರಿ ಆ ಜಿಲ್ಲೆಯೊಂದಕ್ಕೆ ಬೇಕಾಗಿರಲಿಲ್ಲ ಎಂಬ ಕಾರಣಕ್ಕೇ ಅದು ಇಡೀ ಆಗ್ನೇಯ ಭಾಗಕ್ಕೆ ಕೇಂದ್ರ ಸರ್ಕಾರ ಇಟ್ಟಿದ್ದ ಸಂಗ್ರಹವಿರಬೇಕೆಂದು ಹಲವು ವಿದ್ವಾಂಸರು ಭಾವಿಸುತ್ತಾರೆ. ಹಾನ್ ಪದ್ಧತಿಗೂ ಇದು ಹೊಂದುತ್ತದೆ. ಅಲ್ಲಿ 23ರಿಂದ 56 ವರ್ಷದವರೆಗಿನ ಗಂಡಸರೆಲ್ಲರೂ ಸೇವೆಗೆ ಬಾಧ್ಯಸ್ಥರು. ಒಂದು ವರ್ಷ ಸ್ವಂತ ಜಿಲ್ಲೆಯಲ್ಲಿ ತರಬೇತಿ, ಇನ್ನೊಂದು ವರ್ಷ ರಾಜಧಾನಿಯಲ್ಲೋ ಗಡಿಯಲ್ಲೋ ಕಾವಲು. ಸೇನೆ ಊರೂರುಗಳಲ್ಲಿ ಹಂಚಿಹೋಗಿರುತ್ತಿತ್ತು, ಆಯುಧಗಳು ಮಾತ್ರ ಒಂದೆಡೆ ಬೀಗದೊಳಗಿರುತ್ತಿದ್ದವು.

ಕಡತ:

ಶಾಸನಪ್ರಿಯ ಅವರ ಕೊನೆಯ ವಾಕ್ಯದಲ್ಲೇ ಈ ಚರ್ಚೆಯ ತಿರುಳಿದೆ ಎಂದು ನನಗೆ ತೋರುತ್ತದೆ. ಆಯುಧ, ತರಬೇತಿ, ಶಿಸ್ತುಗಳಲ್ಲಿ ಇವೆರಡೂ ನಾವಂದುಕೊಳ್ಳುವುದಕ್ಕಿಂತ ಹೆಚ್ಚು ಹತ್ತಿರವಿದ್ದವು. ನಿಜವಾದ ವ್ಯತ್ಯಾಸವಿದ್ದದ್ದು ಸೈನಿಕ ಯಾರಿಗೆ ಸೇರಿದವನು ಎಂಬಲ್ಲಿ, ಮತ್ತು ಅರಸನ ಸೈನ್ಯಬಲವನ್ನು ಅಳೆಯುವಾಗ ನಾವು ಕೇಳಲೇಬೇಕಾದ ಮೊದಲ ಪ್ರಶ್ನೆಯೂ ಅದೇ.

ಹತ್ತಿರವಿದ್ದವು ಎಂದೆನಲ್ಲ, ಅದಕ್ಕೆ ಎರಡು ಗಡಿಠಾಣೆಗಳ ಮರದ ಚೂರುಗಳನ್ನು ನೋಡಬೇಕು. ಇಂಗ್ಲೆಂಡಿನ ಉತ್ತರದ ವಿಂಡೊಲಾಂಡಾದಲ್ಲಿ 1973ರಿಂದೀಚೆಗೆ ದೊರೆತ ತೆಳು ಹಲಗೆಗಳಲ್ಲಿ ಟುಂಗ್ರಿಯನ್ನರೆಂಬ ಜನರಿಂದ ಕಟ್ಟಿದ ಒಂದು ರೋಮನ್ ಸಹಾಯಕ ಪಡೆಯ ಹಾಜರಿಯಿದೆ. ಪಟ್ಟಿಯಲ್ಲಿರುವವರು 752 ಮಂದಿ, ಅವರಲ್ಲಿ 456 ಮಂದಿ ಬೇರೆಡೆ ಕೆಲಸದ ಮೇಲೆ ಹೋಗಿದ್ದಾರೆ. ಉಳಿದ 296ರಲ್ಲಿ 15 ಮಂದಿಗೆ ಕಾಯಿಲೆ, ಆರು ಮಂದಿಗೆ ಗಾಯ, ಹತ್ತು ಮಂದಿಗೆ ಕಣ್ಣುಬೇನೆ. ಯುದ್ಧಕ್ಕೆ ಸಿದ್ಧರಿರುವವರು 265. ಇನ್ನೊಂದು ತುದಿಯಲ್ಲಿ, ಗೋಬಿ ಮರುಭೂಮಿಯ ಅಂಚಿನ ಜುಯೆನ್‌ನಲ್ಲಿ 1930ರಲ್ಲಿ ಸುಮಾರು 10,000 ಹಾನ್ ಕಾಲದ ಮರದ ಪಟ್ಟಿಗಳು ಸಿಕ್ಕವು. ಕಾವಲುಗಾರರ ಪಡಿತರ, ಬಟ್ಟೆ ಕೊಂಡ ಸಾಲ, ದೀಪಸ್ತಂಭಗಳಲ್ಲಿ ಹೊತ್ತಿಸಬೇಕಾದ ಬೆಂಕಿಯ ಸಂಜ್ಞೆಗಳು, ಯಾವ ಅಡ್ಡಬಿಲ್ಲಿಗೆ ಯಾವ ಊನವಾಗಿದೆ ಎಂಬ ತಪಾಸಣೆ, ಎಲ್ಲವೂ ಅವುಗಳಲ್ಲಿವೆ. ಪ್ರತಿ ಶರದೃತುವಿನಲ್ಲಿ ಅಡ್ಡಬಿಲ್ಲಿನ ಪರೀಕ್ಷೆ ನಡೆಯುತ್ತಿತ್ತು. ಹನ್ನೆರಡು ಬಾಣಗಳಲ್ಲಿ ಆರು ಗುರಿಗೆ ತಾಗಬೇಕು; ಆರಕ್ಕೆ ಮೇಲ್ಪಟ್ಟ ಒಂದೊಂದು ಬಾಣಕ್ಕೂ ಹದಿನೈದು ದಿನಗಳ ಸೇವೆಯನ್ನು ಜಮಾ ಮಾಡಿಕೊಳ್ಳುತ್ತಿದ್ದರು. ಟುಂಗ್ರಿಯನ್ ಪಡೆಯ ಗುಮಾಸ್ತನನ್ನು ಜುಯೆನ್‌ಗೆ ಕಳುಹಿಸಿದ್ದರೆ, ಲಿಪಿ ಕಲಿತ ಮರುದಿನವೇ ಅವನು ಕೆಲಸಕ್ಕೆ ಕೂರುತ್ತಿದ್ದ ಎಂದು ಈ ಚೂರುಗಳನ್ನು ಓದುವಾಗ ಅನ್ನಿಸುತ್ತದೆ.

ಈಗ ವ್ಯತ್ಯಾಸಕ್ಕೆ ಬರುತ್ತೇನೆ. ಚಿನ್ ರಾಜ್ಯದ ಕಾಲದ್ದೊಂದು ಕಂಚಿನ ಹುಲಿ ಷಿಯಾನ್ ನಗರದ ಬಳಿ ಸಿಕ್ಕಿದೆ. ಅಂಗೈಯಲ್ಲಿ ಹಿಡಿಯುವಷ್ಟು ಚಿಕ್ಕದು, ಉದ್ದಕ್ಕೆ ಎರಡು ಹೋಳು. ಬಲಹೋಳು ಅರಸನಲ್ಲಿ, ಎಡಹೋಳು ದು ಎಂಬ ಊರಿನ ದಂಡಾಧಿಕಾರಿಯಲ್ಲಿ. ಐವತ್ತಕ್ಕಿಂತ ಹೆಚ್ಚು ಮಂದಿಯನ್ನು ಶಸ್ತ್ರಸಜ್ಜಿತರನ್ನಾಗಿ ಹೊರಡಿಸಬೇಕಾದರೆ ಎರಡು ಹೋಳುಗಳೂ ಕೂಡಬೇಕು ಎಂದು ಅದರ ಮೈಮೇಲೆ ಚಿನ್ನದ ಅಕ್ಷರಗಳಲ್ಲಿ ಕೊರೆಯಲಾಗಿದೆ. ಅಪಾಯದ ಬೆಂಕಿ ಹೊತ್ತಿದಾಗ ಮಾತ್ರ ಇದಕ್ಕೆ ವಿನಾಯಿತಿ. ಹಾನ್ ಅರಸರೂ ಈ ಪದ್ಧತಿಯನ್ನೇ ಮುಂದುವರಿಸಿದರು. ಸೇನಾಪತಿಯನ್ನು ಒಂದೊಂದು ದಂಡಯಾತ್ರೆಗೆ ನೇಮಿಸುತ್ತಿದ್ದರು. ಯುದ್ಧ ಮುಗಿದರೆ ಸೈನಿಕ ಹೊಲಕ್ಕೆ, ಸೇನಾಪತಿ ಮನೆಗೆ.

ಇದು ಕಾಗದದ ಮೇಲಿನ ನಿಯಮವಷ್ಟೇ ಆಗಿರಲಿಲ್ಲ ಎಂಬುದಕ್ಕೆ ವೇಯ್ ಚಿಂಗ್‌ನ ಪ್ರಸಂಗವನ್ನು ನೋಡಿ. ದಾಸಿಯ ಮಗನಾಗಿ ಹುಟ್ಟಿ, ಕುರಿ ಕಾದು, ವೂ ಚಕ್ರವರ್ತಿಯ ಮಹಾಸೇನಾಪತಿಯಾದವನು ಅವನು. ಕ್ರಿ.ಪೂ. 123ರಲ್ಲಿ ಅವನ ಅಧೀನದಲ್ಲಿದ್ದ ಸು ಜಿಯೆನ್ ತನ್ನ ಇಡೀ ದಳವನ್ನು ಕಳೆದುಕೊಂಡು ಒಬ್ಬನೇ ತಪ್ಪಿಸಿಕೊಂಡು ಬಂದ. ತಲೆ ತೆಗೆಸಿ ನಿಮ್ಮ ಅಧಿಕಾರವನ್ನು ತೋರಿಸಿ ಎಂದು ಬಳಿಯಲ್ಲಿದ್ದ ಒಬ್ಬ ಅಧಿಕಾರಿ ಸಲಹೆ ಕೊಟ್ಟ. ಆ ಅಧಿಕಾರ ತನಗಿದ್ದರೂ, ಗಡಿಯಾಚೆ ನಿಂತು ತನ್ನಷ್ಟಕ್ಕೆ ತಾನೇ ಒಬ್ಬನನ್ನು ಕೊಲ್ಲಿಸುವುದು ಪ್ರಜೆಯಾದವನಿಗೆ ತಕ್ಕುದಲ್ಲ ಎಂದು ವೇಯ್ ಚಿಂಗ್ ಅವನನ್ನು ಚಕ್ರವರ್ತಿಯ ಬಳಿಗೆ ಕಳುಹಿಸಿಕೊಟ್ಟ. ಚಕ್ರವರ್ತಿ ದಂಡ ಕಟ್ಟಿಸಿಕೊಂಡು ಪ್ರಾಣ ಉಳಿಸಿದ. ಕ್ರಿ.ಪೂ. 71ರಲ್ಲಿ ಗುಲಾಮರ ದಂಗೆಯ ನಾಯಕ ಸ್ಪಾರ್ಟಕಸ್‌ನ ಎದುರು ಬೆನ್ನು ತೋರಿದ ದಳದಲ್ಲಿ ಹತ್ತರಲ್ಲೊಬ್ಬನನ್ನು ಚೀಟಿ ಎತ್ತಿ ಕೊಲ್ಲಿಸಿದ ರೋಮನ್ ಸೇನಾಪತಿ ಕ್ರಾಸಸ್ ಯಾರನ್ನೂ ಕೇಳಲಿಲ್ಲ.

ರೋಮ್‌ನಲ್ಲಿ ಸೈನಿಕನು ತನಗೆ ಭೂಮಿ, ಲೂಟಿ, ಇಡುಗಂಟು ಕೊಡಿಸುವ ಸೇನಾಪತಿಗೆ ಸೇರಿದವನಾಗಿದ್ದ. ಆಗಸ್ಟಸ್ ಆ ಸೇನಾಪತಿಯ ಸ್ಥಾನದಲ್ಲಿ ತನ್ನನ್ನು ಇರಿಸಿಕೊಂಡನೇ ಹೊರತು ಸಂಬಂಧದ ಸ್ವರೂಪವನ್ನು ಬದಲಿಸಲಿಲ್ಲ. ಅವನು ಸತ್ತ ಕ್ರಿ.ಶ. 14ರಲ್ಲೇ ಡ್ಯಾನ್ಯೂಬ್ ಗಡಿಯ ಪನೋನಿಯಾದ ಮತ್ತು ರೈನ್ ತೀರದ ಲೀಜನ್‌ಗಳು ದಂಗೆ ಎದ್ದವು. ಕ್ರಿ.ಶ. 41ರಲ್ಲಿ ಅಂಗರಕ್ಷಕ ಪಡೆ ಕ್ಲಾಡಿಯಸ್‌ನನ್ನು ಪರದೆಯ ಹಿಂದಿನಿಂದ ಎಳೆದು ತಂದು ಚಕ್ರವರ್ತಿಯನ್ನಾಗಿ ಮಾಡಿತು, ಅವನು ತಲೆಗೆ 15,000 ಸೆಸ್ಟರ್ಸ್ ಕೊಡುವ ಮಾತು ಕೊಟ್ಟ. ಕ್ರಿ.ಶ. 69ರಲ್ಲಿ ಒಂದೇ ವರ್ಷ ನಾಲ್ವರು ಚಕ್ರವರ್ತಿಗಳು. ಕ್ರಿ.ಶ. 193ರಲ್ಲಂತೂ ಅದೇ ಅಂಗರಕ್ಷಕರು ಸಿಂಹಾಸನವನ್ನು ಹರಾಜಿಗಿಟ್ಟು ತಲೆಗೆ 25,000 ಸೆಸ್ಟರ್ಸ್‌ಗೆ ಕೂಗಿದ ಡಿಡಿಯಸ್ ಜೂಲಿಯಾನಸ್‌ಗೆ ಕೊಟ್ಟರು. ಇಂತಹ ಸೇನೆ ಬಲಿಷ್ಠವಾಗಿತ್ತು ನಿಜ, ಆದರೆ ಅದನ್ನು ಚಕ್ರವರ್ತಿಯ ಬಲವೆಂದು ಕರೆಯಲು ನನಗೆ ಮನಸ್ಸು ಬರುವುದಿಲ್ಲ.

ಬೆಳಗಾವಿ ಓದುಗ:

ಕಡತ ಅವರ ಬರಹವನ್ನು ಎರಡು ಸಲ ಓದಿದೆ. ಕ್ರಾಸಸ್‌ನ ಹೆಸರು ಬಂದಿದ್ದರಿಂದ ಒಂದು ಪ್ರಶ್ನೆ. ಕ್ರಿ.ಪೂ. 53ರಲ್ಲಿ ಅವನು ಕ್ಯಾರಿಯಲ್ಲಿ ಇರಾನಿನ ಪಾರ್ಥಿಯನ್ನರಿಗೆ ಸೋತಾಗ ಸೆರೆಸಿಕ್ಕ ರೋಮನ್ ಸೈನಿಕರು ಮಧ್ಯ ಏಷ್ಯಾಕ್ಕೆ ಹೋಗಿ, ಕೊನೆಗೆ ಹಾನ್ ಸೇನೆಯ ವಿರುದ್ಧವೇ ಹೋರಾಡಿ, ಗಾನ್ಸು ಪ್ರಾಂತ್ಯದ ಲಿಚಿಯನ್ ಎಂಬ ಊರಿನಲ್ಲಿ ನೆಲೆಸಿದರು ಎಂದು ಓದಿದ್ದೇನೆ. ಇದು ನಿಜವಾದರೆ ಎರಡೂ ಸೇನೆಗಳು ಒಮ್ಮೆ ಮುಖಾಮುಖಿಯಾದಂತೆ ಆಗುವುದಿಲ್ಲವೇ?

ಕಡತ:

ಬೆಳಗಾವಿ ಓದುಗ ಅವರೇ, ಅದಕ್ಕೆ ಆಧಾರ ಬಹಳ ತೆಳು. ಕ್ರಿ.ಪೂ. 36ರಲ್ಲಿ ತಲಾಸ್ ನದಿಯ ಬಳಿ ಷಿಯೊಂಗ್ನು ನಾಯಕ ಝಿಝಿಯ ಕೋಟೆಯನ್ನು ಹಾನ್ ಪಡೆ ಮುತ್ತಿದಾಗ, ಬಾಗಿಲಲ್ಲಿ ನೂರಕ್ಕೂ ಹೆಚ್ಚು ಕಾಲಾಳುಗಳು ಮೀನಿನ ಹುರುಪೆಯ ಆಕಾರದಲ್ಲಿ ಸಾಲುಗಟ್ಟಿ ಕವಾಯತು ಮಾಡುತ್ತಿದ್ದರು ಎಂಬ ಒಂದು ಸಾಲು ಹಾನ್ ಇತಿಹಾಸದಲ್ಲಿದೆ. ಅದು ರೋಮನ್ನರ ಗುರಾಣಿವ್ಯೂಹವೇ ಇರಬೇಕೆಂದು ಇಪ್ಪತ್ತನೆಯ ಶತಮಾನದ ವಿದ್ವಾಂಸ ಹೋಮರ್ ಡಬ್ಸ್ ಊಹಿಸಿದ. ಲಿಚಿಯನ್ ಜನರ ವಂಶವಾಹಿ ಪರೀಕ್ಷೆಗಳಿಂದ ಅದಕ್ಕೆ ಪುಷ್ಟಿ ಸಿಗಲಿಲ್ಲ.

ಆದರೆ ಆ ದಂಡಯಾತ್ರೆ ನಮ್ಮ ಚರ್ಚೆಗೆ ಬೇರೊಂದು ಕಾರಣದಿಂದ ಅತ್ಯಂತ ಮುಖ್ಯವಾದದ್ದು. ಅದನ್ನು ನಡೆಸಿದ ಚೆನ್ ತಾಂಗ್‌ಗೆ ಚಕ್ರವರ್ತಿಯ ಅಪ್ಪಣೆಯೇ ಇರಲಿಲ್ಲ. ಪಶ್ಚಿಮ ಪ್ರಾಂತ್ಯದ ಮುಖ್ಯಾಧಿಕಾರಿ ಗಾನ್ ಯಾನ್‌ಷೌ ಕಾಯಿಲೆ ಬಿದ್ದಿದ್ದಾಗ, ಅವನ ಕೈಕೆಳಗಿನ ಚೆನ್ ತಾಂಗ್ ರಾಜಾಜ್ಞೆಯೊಂದನ್ನು ತಾನೇ ಸೃಷ್ಟಿಸಿ ಗಡಿಯ ಪಡೆಗಳನ್ನೂ ಅಧೀನ ನಗರಗಳ ಸೈನ್ಯವನ್ನೂ ಸೇರಿಸಿ ಒಟ್ಟು 40,000 ಮಂದಿಯನ್ನು ಒಟ್ಟುಮಾಡಿದ. ತಡೆಯಲು ಬಂದ ಮೇಲಧಿಕಾರಿಯನ್ನು ಕತ್ತಿಯ ಹಿಡಿಗೆ ಕೈಹಾಕಿ ಗದರಿಸಿದ. ಹೊರಡುವ ಮೊದಲೇ, ಆಜ್ಞೆಯನ್ನು ಸುಳ್ಳಾಗಿ ಹೊರಡಿಸಿದ್ದೇವೆ ಎಂದು ತಮ್ಮ ಮೇಲೆ ತಾವೇ ದೂರು ಬರೆದು ರಾಜಧಾನಿಗೆ ಕಳುಹಿಸಿದರು! ಝಿಝಿಯ ತಲೆ ಬಿತ್ತು, ನೂರು ವರ್ಷಗಳ ಪೀಡೆ ತೀರಿತು. ಆದರೂ ಮಂತ್ರಿ ಕುವಾಂಗ್ ಹೆಂಗ್ ಬಹುಮಾನ ಕೊಡಕೂಡದೆಂದು ಹಟ ಹಿಡಿದ. ಇವರನ್ನು ಗೌರವಿಸಿದರೆ ಮುಂದೆ ಗಡಿಗೆ ಹೋದವರೆಲ್ಲ ತಮ್ಮ ಹೆಸರಿಗಾಗಿ ದೇಶವನ್ನು ಯುದ್ಧಕ್ಕೆ ನೂಕುತ್ತಾರೆ ಎಂಬುದು ಅವನ ವಾದವಾಗಿತ್ತು. ವರ್ಷಗಟ್ಟಲೆ ವಾದ ನಡೆದು, ಕೊನೆಗೆ ಇಬ್ಬರಿಗೂ ತಲಾ 300 ಮನೆಗಳ ಆದಾಯದ ಸಣ್ಣ ಜಹಗೀರು ಸಿಕ್ಕಿತು. ಅದಕ್ಕೆ ಇಪ್ಪತ್ತೆರಡು ವರ್ಷಗಳ ಹಿಂದೆ, ಕ್ರಿ.ಪೂ. 58ರಲ್ಲಿ, ಸೀಸರ್ ತನ್ನದೇ ನಿರ್ಧಾರದಿಂದ ಗಾಲ್ ದೇಶದಲ್ಲಿ ಯುದ್ಧ ಆರಂಭಿಸಿದ್ದ. ಸೆನೆಟ್ ಅವನಿಗೆ ದಿನಗಟ್ಟಲೆ ವಿಜಯೋತ್ಸವಗಳನ್ನು ಘೋಷಿಸಿತು. ಕ್ರಿ.ಪೂ. 49ರಲ್ಲಿ ಅದೇ ಲೀಜನ್‌ಗಳಲ್ಲೊಂದರೊಂದಿಗೆ ಅವನು ಇಟಲಿಯ ಎಲ್ಲೆಯಾಗಿದ್ದ ರುಬಿಕಾನ್ ನದಿಯನ್ನು ದಾಟಿ ಸೆನೆಟ್‌ನ ವಿರುದ್ಧವೇ ಯುದ್ಧಕ್ಕಿಳಿದ.

ಬಯಲುಸೀಮೆ:

ಕಡತ ಅವರ ವಾದ ಬಲವಾಗಿದೆ, ಆದರೆ ಒಂದನ್ನು ಬಿಡುತ್ತಿದ್ದೀರಿ. ಸೇನಾಪತಿಗೆ ಸ್ವಾತಂತ್ರ್ಯವಿದ್ದಾಗಲೇ ಸೇನೆ ಕಲಿಯುವುದು. ಕ್ಯಾರಿಯಲ್ಲಿ ಹತ್ತು ಸಾವಿರದಷ್ಟು ಪಾರ್ಥಿಯನ್ ಸವಾರರು, ಒಂಟೆಗಳ ಮೇಲೆ ಹೊರಿಸಿ ತಂದ ಬಾಣಗಳು ಮುಗಿಯದಂತೆ ನೋಡಿಕೊಂಡು, ಏಳು ಲೀಜನ್‌ಗಳನ್ನು ಮುರಿದರು. ಹದಿನೈದು ವರ್ಷ ಕಳೆಯುವುದರೊಳಗೆ ಇನ್ನೊಬ್ಬ ರೋಮನ್ ಸೇನಾಪತಿ ವೆಂಟಿಡಿಯಸ್ ಎತ್ತರದ ನೆಲ ಹಿಡಿದು, ಕವಣೆಗಾರರನ್ನು ಮುಂದಿಟ್ಟುಕೊಂಡು, ಅದೇ ಪಾರ್ಥಿಯನ್ನರನ್ನು ಸೋಲಿಸಿದ. ಹಾನ್ ಪದ್ಧತಿಯಲ್ಲಿ ಸೋತ ಸೇನಾಪತಿಗೆ ಕಾದಿದ್ದದ್ದು ವಿಚಾರಣೆ. ಕ್ರಿ.ಪೂ. 119ರಲ್ಲಿ ಮರುಭೂಮಿಯಲ್ಲಿ ದಾರಿ ತಪ್ಪಿ ತಡವಾಗಿ ಬಂದದ್ದಕ್ಕೆ, ಗುಮಾಸ್ತರ ಎದುರು ನಿಂತು ಉತ್ತರ ಕೊಡಲೊಲ್ಲದೆ, ಅರವತ್ತು ದಾಟಿದ ಸೇನಾಪತಿ ಲಿ ಗುವಾಂಗ್ ಕತ್ತು ಕುಯ್ದುಕೊಂಡ. ಅಂತಹ ಯೋಧನನ್ನು ಹಾಗೆ ಕಳೆದುಕೊಂಡದ್ದು ಬಲವೆಂದು ನಾನು ಒಪ್ಪಲಾರೆ.

ಶಾಸನಪ್ರಿಯ:

ಲಿ ಗುವಾಂಗ್‌ನ ಮೊಮ್ಮಗ ಲಿ ಲಿಂಗ್‌ನ ಕಥೆ ಇನ್ನೂ ಕಠೋರವಾದದ್ದು. ಕ್ರಿ.ಪೂ. 99ರಲ್ಲಿ 5,000 ಕಾಲಾಳುಗಳೊಂದಿಗೆ, ಬಂಡಿಗಳನ್ನು ಸುತ್ತ ನಿಲ್ಲಿಸಿಕೊಂಡು, ಹಲವು ಪಟ್ಟು ದೊಡ್ಡದಾದ ಷಿಯೊಂಗ್ನು ಅಶ್ವಪಡೆಯನ್ನು ದಿನಗಟ್ಟಲೆ ತಡೆದು, ಒಂದೇ ದಿನದಲ್ಲಿ ಉಳಿದ ಐದು ಲಕ್ಷ ಬಾಣಗಳೂ ಮುಗಿದಾಗ ಶರಣಾದ. ಅಡ್ಡಬಿಲ್ಲು ಹಿಡಿದ ಕಾಲಾಳು ಹುಲ್ಲುಗಾವಲಿನಲ್ಲಿ ಏನು ಮಾಡಬಲ್ಲ, ಎಲ್ಲಿಗೆ ಸೋಲುತ್ತಾನೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನವಿಲ್ಲ. ಅವನ ಪರ ಒಂದು ಮಾತಾಡಿದ್ದಕ್ಕೆ ಸೀಮಾ ಚಿಯನ್‌ನ ಬೀಜ ಒಡೆಸಿದರು. ಆ ಇತಿಹಾಸವನ್ನು ಓದುವಾಗ, ಬರೆದವನು ಸೇನೆಯ ವಿಚಾರದಲ್ಲಿ ಅರಸನ ಕೋಪವನ್ನು ಸ್ವಂತ ಮೈಮೇಲೆ ಅನುಭವಿಸಿದವನು ಎಂಬುದು ನನ್ನ ಮನಸ್ಸಿನಿಂದ ಸರಿಯುವುದೇ ಇಲ್ಲ.

ವೆಚ್ಚದ ಮಾತನ್ನೂ ಸೇರಿಸಬೇಕು. ಬಯಲುಸೀಮೆ ಅವರು ಹೇಳಿದ 119ರ ದಂಡಯಾತ್ರೆಯಲ್ಲಿ ವೇಯ್ ಚಿಂಗ್ ಮತ್ತು ಹುವೊ ಚೂಬಿಂಗ್ ತಲಾ 50,000 ಸವಾರರೊಂದಿಗೆ ಗೋಬಿ ದಾಟಿದರು, ಗೆದ್ದರು. ಗಡಿ ದಾಟಿದ ಕುದುರೆಗಳು 1 ಲಕ್ಷ 40 ಸಾವಿರ. ಮರಳಿದವು 30,000ಕ್ಕೂ ಕಡಿಮೆ. ಅನಂತರ ವರ್ಷಗಳ ಕಾಲ ಅಂತಹ ದೊಡ್ಡ ಯಾತ್ರೆಯನ್ನು ಕೈಗೊಳ್ಳಲಾಗಲಿಲ್ಲ. ಉಪ್ಪು ಮತ್ತು ಕಬ್ಬಿಣ ಸರ್ಕಾರದ ಏಕಸ್ವಾಮ್ಯಕ್ಕೆ ಹೋದದ್ದು ಈ ಯುದ್ಧಗಳ ಖರ್ಚಿನಿಂದಲೇ. ಒಳ್ಳೆಯ ತಳಿಯ ಕುದುರೆಗಳಿಗಾಗಿ ಮಧ್ಯ ಏಷ್ಯಾದ ಫರ್ಗಾನಾದ ಮೇಲೆ ಎರಡನೆಯ ಸಲ ಹೊರಟ 60,000 ಮಂದಿಯಲ್ಲಿ ಪಶ್ಚಿಮ ಗಡಿಯ ಯುಮೆನ್ ದ್ವಾರದೊಳಕ್ಕೆ ಮರಳಿದವರು ಹತ್ತು ಸಾವಿರದಷ್ಟು ಮಾತ್ರ. ಕೊನೆಗೆ ಕ್ರಿ.ಪೂ. 89ರಲ್ಲಿ ವೃದ್ಧ ವೂ ಚಕ್ರವರ್ತಿ, ಇನ್ನೂ ಪಶ್ಚಿಮದ ಲುಂತಾಯ್‌ನಲ್ಲಿ ಠಾಣೆ ಹಾಕೋಣವೆಂಬ ಸಲಹೆಯನ್ನು ತಳ್ಳಿಹಾಕಿ, ಜನರಿಗೆ ಮತ್ತೆ ಹೊರೆ ಹೊರಿಸಲಾರೆ ಎಂದ. ಮೂರು ಲೀಜನ್‌ಗಳನ್ನು ಜರ್ಮನಿಯ ಕಾಡಿನಲ್ಲಿ ಕಳೆದುಕೊಂಡ ಆಗಸ್ಟಸ್ ಕೂಡ, ಸಾಮ್ರಾಜ್ಯವನ್ನು ಇದ್ದ ಎಲ್ಲೆಯೊಳಗೇ ಇರಿಸಿ ಎಂದು ಬರೆದಿಟ್ಟು ಹೋದ. ಸಮುದ್ರ ಮತ್ತು ನದಿಗಳ ಮೂಲಕ ಧಾನ್ಯ ಸಾಗಿಸುವ ಅನುಕೂಲವಿದ್ದ ರೋಮ್‌ಗೇ ಎಲ್ಲೆ ಕಂಡಿತೆಂದ ಮೇಲೆ, ಎತ್ತಿನ ಬಂಡಿಗಳಲ್ಲಿ ಮರುಭೂಮಿ ದಾಟಬೇಕಿದ್ದ ಹಾನ್ ಸೇನೆಯ ಸಾಧನೆ ನನಗೆ ಇನ್ನೂ ದೊಡ್ಡದಾಗಿ ಕಾಣುತ್ತದೆ.

ತುಂಗಾತೀರ:

ಎಲ್ಲರಿಗೂ ಧನ್ಯವಾದಗಳು. ಕಡತ ಅವರಿಗೆ ನನ್ನದೊಂದು ಪ್ರಶ್ನೆ ಉಳಿದಿದೆ. ಹಾನ್ ಅರಸರು ಸೇನೆಯನ್ನು ಅಷ್ಟು ಬಿಗಿಯಾಗಿ ಹಿಡಿದಿದ್ದರೆಂದಾದರೆ, ಆ ವಂಶ ಕೊನೆಗೆ ಸೇನಾಪತಿಗಳ ಕೈಯಲ್ಲೇ ಮುಗಿದದ್ದು ಏಕೆ?

ಕಡತ:

ತುಂಗಾತೀರ ಅವರೇ, ಹಿಡಿತವನ್ನು ಅವರೇ ಸಡಿಲಿಸಿದರು, ಅದೂ ಭಯದಿಂದ. ಹಾನ್ ವಂಶವನ್ನು ಮರುಸ್ಥಾಪಿಸಿದ ಗುವಾಂಗ್‌ವೂ ಚಕ್ರವರ್ತಿ, ಜಿಲ್ಲೆಗಳಲ್ಲಿ ಆಯುಧ ತರಬೇತಿ ಪಡೆದ ಜನರಿದ್ದರೆ ದಂಗೆಗಳಿಗೆ ಅನುಕೂಲವಾಗುತ್ತದೆಂದು, ಕ್ರಿ.ಶ. 30-31ರಲ್ಲಿ ಜಿಲ್ಲಾ ದಂಡಾಧಿಕಾರಿಗಳ ಹುದ್ದೆಯನ್ನೂ ವಾರ್ಷಿಕ ಕವಾಯತನ್ನೂ ರದ್ದುಮಾಡಿದ. ಗಡಿ ಕಾಯುವುದು ಅಂದಿನಿಂದ ವೃತ್ತಿಸೈನಿಕರ, ಅಪರಾಧಿಗಳ, ಶರಣಾದ ಅಲೆಮಾರಿಗಳ ಪಾಲಿಗೆ ಹೋಯಿತು. ಅದರಿಂದ ಗೆಲುವುಗಳೇನೂ ನಿಲ್ಲಲಿಲ್ಲ. ಕ್ರಿ.ಶ. 89ರಲ್ಲಿ ದೌ ಷಿಯೆನ್ ಉತ್ತರದ ಷಿಯೊಂಗ್ನುಗಳನ್ನು ನುಚ್ಚುನೂರು ಮಾಡಿ ಬಂಡೆಯ ಮೇಲೆ ಬರೆಸಿದ ಶಾಸನವನ್ನು 2017ರಲ್ಲಿ ಮಂಗೋಲಿಯಾದಲ್ಲಿ ಗುರುತಿಸಿದ್ದಾರೆ. ಆದರೆ ಆ ಪಡೆಯ ಬಹುಪಾಲು ಸವಾರರು ದಕ್ಷಿಣದ ಷಿಯೊಂಗ್ನುಗಳೇ ಆಗಿದ್ದರು. ವರ್ಷಗಟ್ಟಲೆ ಒಬ್ಬನೇ ಸೇನಾಪತಿಯ ಜೊತೆ ಗಡಿಯಲ್ಲಿ ಉಳಿಯುವ ಸೈನಿಕ, ರೋಮ್‌ನಲ್ಲಿ ಇದ್ದಂಥವನೇ, ಈಗ ಇಲ್ಲಿಯೂ ಹುಟ್ಟಿಕೊಂಡ.

ಫಲ ಬಂದದ್ದು ನೂರು ವರ್ಷಗಳ ನಂತರ. ಕ್ರಿ.ಶ. 189ರಲ್ಲಿ ಪಶ್ಚಿಮ ಗಡಿಯ ಸೇನಾಪತಿ ದೊಂಗ್ ಝುವೊಗೆ, ನಿನ್ನ ಪಡೆಯನ್ನು ಇನ್ನೊಬ್ಬ ಸೇನಾಪತಿ ಹುವಾಂಗ್‌ಫು ಸೊಂಗ್‌ಗೆ ಒಪ್ಪಿಸಿ ಬೇರೆ ಪ್ರಾಂತ್ಯದ ಅಧಿಕಾರ ವಹಿಸಿಕೋ ಎಂಬ ರಾಜಾಜ್ಞೆ ಬಂತು. ಹತ್ತು ವರ್ಷ ನನ್ನ ಜೊತೆಗಿದ್ದು ಒಗ್ಗಿಹೋದ ಸೈನಿಕರಿವರು, ಇವರನ್ನೇ ಕರೆದುಕೊಂಡು ಹೋಗುತ್ತೇನೆ ಎಂದು ಅವನು ಉತ್ತರ ಬರೆದ. ಅದೇ ವರ್ಷ ಆ ಸೈನಿಕರೊಂದಿಗೆ ರಾಜಧಾನಿ ಲುವೊಯಾಂಗ್ ಪ್ರವೇಶಿಸಿ, ಇದ್ದ ಬಾಲಚಕ್ರವರ್ತಿಯನ್ನು ಇಳಿಸಿ ಇನ್ನೊಬ್ಬ ಬಾಲಕನನ್ನು ಕೂರಿಸಿದ. ನಾಲ್ಕು ವರ್ಷಗಳ ನಂತರ ಡ್ಯಾನ್ಯೂಬ್ ತೀರದ ಲೀಜನ್‌ಗಳೊಂದಿಗೆ ಸೆಪ್ಟಿಮಿಯಸ್ ಸೆವೆರಸ್ ರೋಮ್ ಪ್ರವೇಶಿಸಿದ. ಸೈನಿಕರನ್ನು ಶ್ರೀಮಂತರನ್ನಾಗಿ ಮಾಡಿ, ಉಳಿದವರನ್ನು ಲೆಕ್ಕಕ್ಕಿಡಬೇಡಿ ಎಂದು ಅವನು ಸಾಯುವಾಗ ಮಕ್ಕಳಿಗೆ ಹೇಳಿದನೆಂದು ಇತಿಹಾಸಕಾರ ಡಿಯೊ ದಾಖಲಿಸಿದ್ದಾನೆ.

ಬಯಲುಸೀಮೆ:

ಹಾಗಿದ್ದರೆ ಇದನ್ನೂ ಗಮನಿಸಿ. ಸೆವೆರಸ್‌ನ ನಂತರವೂ ರೋಮ್ ಒಂದೇ ಸಾಮ್ರಾಜ್ಯವಾಗಿ ಉಳಿಯಿತು. ದೊಂಗ್ ಝುವೊ ಬಂದ ಮೇಲೆ ಹಾನ್ ಒಡೆದು ಮೂರು ರಾಜ್ಯಗಳಾಗಿ, ಕ್ರಿ.ಶ. 280ರವರೆಗೆ ಒಂದುಗೂಡಲಿಲ್ಲ. ಸೇನೆಯೇ ಅರಸನನ್ನು ಆರಿಸುವ ಪದ್ಧತಿಗೆ ರೋಮ್ ಒಗ್ಗಿಕೊಂಡಿದ್ದರಿಂದ, ಗೆದ್ದ ಸೇನಾಪತಿಯನ್ನು ಇಡೀ ಸಾಮ್ರಾಜ್ಯ ಬೇಗ ಒಪ್ಪುತ್ತಿತ್ತು. ಕ್ರಿ.ಶ. 69ರ ಗೊಂದಲವನ್ನು ವೆಸ್ಪಾಸಿಯನ್ ವರ್ಷದೊಳಗೆ ಮುಗಿಸಿದ. ಹಾನ್ ವ್ಯವಸ್ಥೆಗೆ ಆ ಅಭ್ಯಾಸವಿರಲಿಲ್ಲ, ಆದ್ದರಿಂದಲೇ ಮೊದಲ ಪೆಟ್ಟಿಗೇ ಅದು ಚೂರಾಯಿತು.

ಕಡತ:

ಕ್ರಿ.ಶ. 69ರ ಮಟ್ಟಿಗೆ ನಿಮ್ಮ ಮಾತು ಸರಿ. ಆದರೆ ಹಾನ್ ವಂಶಕ್ಕೆ ಅದು ಮೊದಲ ಪೆಟ್ಟಲ್ಲ. ವಾಂಗ್ ಮಾಂಗ್ ಸಿಂಹಾಸನ ಕಸಿದುಕೊಂಡ ಮೇಲೆ ನಡೆದ ಅಂತರ್ಯುದ್ಧದಿಂದ ಅದು ಕ್ರಿ.ಶ. 25ರಲ್ಲಿ ಎದ್ದು ಬಂದಿತ್ತು, ಮತ್ತು ಆಗ ಜಿಲ್ಲೆಗಳಲ್ಲಿ ತರಬೇತಿ ಪಡೆದ ರೈತಸೈನಿಕರು ಇನ್ನೂ ಇದ್ದರು. ರೋಮ್‌ನ ವಿಚಾರದಲ್ಲಿ, ತುಂಗಾತೀರ ಅವರು ಹಾಕಿದ ಮಿತಿಯನ್ನು ಸ್ವಲ್ಪ ದಾಟಲು ಅನುಮತಿ ಕೇಳುತ್ತೇನೆ: ಕ್ರಿ.ಶ. 235ರಿಂದ 284ರವರೆಗಿನ ಐವತ್ತು ವರ್ಷಗಳಲ್ಲಿ ಅಲ್ಲಿ ಇಪ್ಪತ್ತಕ್ಕೂ ಹೆಚ್ಚು ಚಕ್ರವರ್ತಿಗಳು ಬಂದುಹೋದರು, ಗಾಲ್ ಮತ್ತು ಸಿರಿಯಾದ ಪಾಲ್ಮೈರಾಗಳು ಕೆಲಕಾಲ ಬೇರೆ ರಾಜ್ಯಗಳೇ ಆಗಿದ್ದವು. ಆ ಚಕ್ರವರ್ತಿಗಳಲ್ಲಿ ಬಹುತೇಕರನ್ನು ಕೊಂದವರು ಅವರವರ ಸೈನಿಕರೇ.